ಕ್ಯಾಪ್ಟನ್ ಎಲ್ಲಿ ನಿಂತಿದ್ದ?

ಇತಿಹಾಸದಲ್ಲಿ ಮೂಲ ಆಕರವೆಂದರೆ ಘಟನೆ ನಡೆದ ಕಾಲದಲ್ಲೇ ಹುಟ್ಟಿದ, ಅಥವಾ ಅದನ್ನು ಕಂಡುಂಡವರೇ ಬಿಟ್ಟುಹೋದ ಪುರಾವೆ: ಕಾಗದ, ದಿನಚರಿ, ಕೋರ್ಟಿನ ಹೇಳಿಕೆ, ಫೋಟೊ, ಪತ್ರಿಕೆಯ ಹಾಳೆ. ಅಮೆರಿಕದ ಇತಿಹಾಸಕ್ಕೆ ಸಂಬಂಧಿಸಿದ ಇಂಥ ಆಕರಗಳ ದೊಡ್ಡ ರಾಶಿಯೇ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. 1800ರಲ್ಲಿ ಸ್ಥಾಪನೆಯಾದ ಲೈಬ್ರರಿ ಆಫ್ ಕಾಂಗ್ರೆಸ್ 1990ರ ದಶಕದಲ್ಲೇ ತನ್ನ ಸಂಗ್ರಹವನ್ನು ಡಿಜಿಟಲ್ ರೂಪಕ್ಕೆ ತರತೊಡಗಿತು. ನ್ಯಾಷನಲ್ ಆರ್ಕೈವ್ಸ್ ಸಂಸ್ಥೆಯ ‘ಡಾಕ್ಸ್‌ಟೀಚ್’ ಶಿಕ್ಷಕರಿಗೆಂದೇ ರೂಪುಗೊಂಡದ್ದು. ‘ಫೌಂಡರ್ಸ್ ಆನ್‌ಲೈನ್’ನಲ್ಲಿ ವಾಷಿಂಗ್ಟನ್, ಜೆಫರ್ಸನ್, ಆಡಮ್ಸ್ ಮೊದಲಾದವರ ಪತ್ರಗಳಿವೆ. ‘ಕ್ರಾನಿಕ್ಲಿಂಗ್ ಅಮೆರಿಕ’ದಲ್ಲಿ ಹಳೆಯ ಪತ್ರಿಕೆಗಳ ಪುಟಗಳನ್ನೇ ಜಾಲಾಡಬಹುದು, ಆದರೆ ಆ ಕಾಲದ ಮಾತಿನಲ್ಲೇ ಹುಡುಕಬೇಕು. 1916ರ ಪತ್ರಿಕೆಯಲ್ಲಿ ‘ಮೊದಲನೆಯ ಮಹಾಯುದ್ಧ’ ಎಂದು ಹುಡುಕಿದರೆ ಹೆಚ್ಚೇನೂ ಕೈಗೆ ಹತ್ತದು. ಎರಡನೆಯದೊಂದು ಬರಲಿದೆಯೆಂದು ಆಗ ಯಾರಿಗೆ ಗೊತ್ತಿತ್ತು?

ಸಿಕ್ಕ ಆಕರವನ್ನು ತರಗತಿಯಲ್ಲಿ ಬಳಸುವುದು ಹುಡುಕುವುದಕ್ಕಿಂತ ಕಷ್ಟದ ಕೆಲಸ. 1770ರ ಮಾರ್ಚ್ 5ರ ರಾತ್ರಿ ಬಾಸ್ಟನ್‌ನಲ್ಲಿ ಬ್ರಿಟಿಷ್ ಸೈನಿಕರು ಹಾರಿಸಿದ ಗುಂಡಿಗೆ ಐವರು ಬಲಿಯಾದರು. ಕೆಲವೇ ವಾರಗಳಲ್ಲಿ ಪಾಲ್ ರಿವೀರ್ ಅಚ್ಚು ಹಾಕಿ ಮಾರಿದ ಚಿತ್ರ ಇಂದಿಗೂ ಅಮೆರಿಕದ ಪಠ್ಯಪುಸ್ತಕಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಸೈನಿಕರು ಸಾಲುಗಟ್ಟಿ, ನಿರಾಯುಧ ಜನರತ್ತ ಒಮ್ಮೆಗೇ ಗುಂಡು ಹಾರಿಸುತ್ತಿದ್ದಾರೆ. ಬೆನ್ನ ಹಿಂದೆ ಕ್ಯಾಪ್ಟನ್ ಪ್ರೆಸ್ಟನ್ ಕತ್ತಿ ಎತ್ತಿ ಅಪ್ಪಣೆ ಕೊಡುತ್ತಿದ್ದಾನೆ. ಸುಂಕದ ಕಟ್ಟೆಗೆ ‘ಕಟುಕರ ಮನೆ’ ಎಂಬ ಬೋರ್ಡು ಬೇರೆ! ಚಿತ್ರ ರಿವೀರನ ಸ್ವಂತದ್ದೂ ಅಲ್ಲ. ತನ್ನ ಚಿತ್ರವನ್ನೇ ಅವನು ನಕಲು ಮಾಡಿದನೆಂದು ಹೆನ್ರಿ ಪೆಲಮ್ ಸಿಟ್ಟಿನಿಂದ ಪತ್ರ ಬರೆದಿದ್ದಾನೆ. ಸತ್ತವರಲ್ಲೊಬ್ಬನಾದ ಕ್ರಿಸ್ಪಸ್ ಅಟಕ್ಸ್ ಆಫ್ರಿಕನ್ ಮೂಲದವನು, ಚಿತ್ರದ ಗುಂಪಿನಲ್ಲಿ ಮಾತ್ರ ಎಲ್ಲರೂ ಬಿಳಿಯರಂತೆ ಕಾಣುತ್ತಾರೆ.

ಈ ಚಿತ್ರದ ಪಕ್ಕದಲ್ಲಿ ಪ್ರೆಸ್ಟನ್‌ನ ಹೇಳಿಕೆಯನ್ನೂ ವಿಚಾರಣೆಯ ಸಾಕ್ಷ್ಯಗಳನ್ನೂ ಇಟ್ಟಾಗಲೇ ಪಾಠ ಶುರುವಾಗುವುದು. ತಾನು ಬಂದೂಕುಗಳ ಮುಂದೆ, ಜನರಿಗೂ ಸೈನಿಕರಿಗೂ ನಡುವೆ ನಿಂತಿದ್ದೆ, ಗುಂಡು ಹಾರಿಸಲು ತಾನು ಹೇಳಲೇ ಇಲ್ಲ ಎಂಬುದು ಅವನ ವಾದ. ಜನ ಹಿಮದ ಉಂಡೆ, ದೊಣ್ಣೆ ಎಸೆದರೆಂದು ಸಾಕ್ಷಿಗಳು ನುಡಿದರು. ಸೈನಿಕರ ಪರ ವಾದಿಸಿದ ವಕೀಲ ಜಾನ್ ಆಡಮ್ಸ್, ಮುಂದೆ ದೇಶದ ಎರಡನೆಯ ಅಧ್ಯಕ್ಷನಾದವನು. ಪ್ರೆಸ್ಟನ್ ಮತ್ತು ಆರು ಸೈನಿಕರು ಬಿಡುಗಡೆಯಾದರು, ಇಬ್ಬರಿಗಷ್ಟೇ ಶಿಕ್ಷೆಯಾಯಿತು. ಹಾಗೆಂದು ರಿವೀರನ ಚಿತ್ರವನ್ನು ಬಿಸಾಡಬೇಕಾಗಿಲ್ಲ. ಆ ರಾತ್ರಿ ಏನು ನಡೆಯಿತೆಂಬುದಕ್ಕೆ ಅದು ದುರ್ಬಲ ಸಾಕ್ಷಿ. ಬ್ರಿಟನ್ ವಿರುದ್ಧ ಜನರ ಸಿಟ್ಟನ್ನು ಹೇಗೆ ಕೆರಳಿಸಲಾಯಿತೆಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ.

ಕಣ್ಣಾರೆ ಕಂಡವರ ಮಾತಿಗೂ ಇದೇ ಎಚ್ಚರ ಬೇಕು. 1936ರಿಂದ 1938ರವರೆಗೆ ಸರ್ಕಾರಿ ಯೋಜನೆಯೊಂದರಡಿ, ಹಿಂದೆ ಗುಲಾಮರಾಗಿದ್ದವರ 2,300ಕ್ಕೂ ಹೆಚ್ಚು ನೆನಪುಗಳನ್ನು ಬರೆದುಕೊಳ್ಳಲಾಯಿತು. ಅವೆಲ್ಲ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾಲತಾಣದಲ್ಲಿವೆ. ಹೇಳಿದವರಲ್ಲಿ ಹೆಚ್ಚಿನವರು ಹಣ್ಣು ಮುದುಕರು, ಗುಲಾಮಗಿರಿಯನ್ನು ಮಕ್ಕಳಾಗಿದ್ದಾಗ ಕಂಡವರು. ಕೇಳಿದವರಲ್ಲಿ ಹೆಚ್ಚಿನವರು ಬಿಳಿಯರು. ಬಿಳಿಯರ ಮುಂದೆ ಬಾಯಿ ಬಿಡುವುದೇ ಅಪಾಯವಾಗಿದ್ದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಹಳೆಯ ಯಜಮಾನ ಒಳ್ಳೆಯವನೆಂದು ಅಜ್ಜಿಯೊಬ್ಬಳು ಹೇಳಿದ್ದರೆ ಆ ಮಾತಿನ ಜೊತೆಗೆ ಎದುರಿಗೆ ಕುಳಿತವರು ಯಾರೆಂಬುದನ್ನೂ ವಿದ್ಯಾರ್ಥಿಗಳು ಓದಬೇಕಾಗುತ್ತದೆ.

ಇನ್ನು ಮರುಬಳಕೆಯ ಹಕ್ಕು: ಫೆಡರಲ್ ಸರ್ಕಾರದ ನೌಕರರು ಕೆಲಸದ ಭಾಗವಾಗಿ ಸೃಷ್ಟಿಸಿದ್ದಕ್ಕೆ ಅಮೆರಿಕದಲ್ಲಿ ಕೃತಿಸ್ವಾಮ್ಯವಿಲ್ಲ. ಉಳಿದವುಗಳ ಹಕ್ಕಿನ ವಿವರವನ್ನು ಆಯಾ ದಾಖಲೆಯ ಪುಟದಲ್ಲೇ ನೋಡಿಕೊಳ್ಳಬೇಕು.