ದಾನಪತ್ರಕ್ಕೆ ಸಹಿ ಹಾಕುವ ಮುನ್ನ

ಅಂಗಾಂಗ ದಾನದ ಮಾತು ಬಂದಾಗ ಮುಂಬಯಿಯ ಕನ್ನಡ ಮನೆಗಳಲ್ಲಿ ಹಿರಿಯರು ಅರುಣಾ ಶಾನಭಾಗರ ಹೆಸರೆತ್ತಿದರೆ ಆಶ್ಚರ್ಯವೇನಿಲ್ಲ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ, 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬನ ಕ್ರೌರ್ಯಕ್ಕೆ ತುತ್ತಾದರು. ಕುತ್ತಿಗೆ ಬಿಗಿದಿದ್ದರಿಂದ ಮಿದುಳಿಗೆ ಆಮ್ಲಜನಕ ನಿಂತಿತ್ತು. 2015ರ ಮೇ 18ರವರೆಗೂ ಅವರು ಉಸಿರಾಡುತ್ತಲೇ ಇದ್ದರು. ಅಷ್ಟೂ ವರ್ಷ ಕೆಇಎಂನ ದಾದಿಯರೇ ನೋಡಿಕೊಂಡರು. ‘ಎದೆ ಬಡಿಯುತ್ತಿರುವಾಗಲೇ ಅಂಗ ತೆಗೆದರೆ?’ ಎಂಬ ಭಯಕ್ಕೆ ಇಂಥ ಕಥೆಗಳೇ ಮೂಲ. ನ್ಯಾಯವಾದ ಭಯವೇ ಅದು. ಉತ್ತರವಿರುವುದೂ ಅದೇ ಕಥೆಯಲ್ಲಿ.

ಉಸಿರಾಟವನ್ನು ನಡೆಸುವುದು ಮಿದುಳಿನ ಬುಡ, ಅಂದರೆ ಮಿದುಳುಕಾಂಡ. ಅರುಣಾ ಅವರಲ್ಲಿ ಅದು ಬದುಕಿತ್ತು. ಯಂತ್ರದ ನೆರವಿಲ್ಲದೆ ಉಸಿರಾಡುತ್ತಿದ್ದರು, ಬಹುಕಾಲ ಬಾಯಿಗಿಟ್ಟ ಅನ್ನ ನುಂಗುತ್ತಿದ್ದರು. ಅವರದು ಮಿದುಳು ಸಾವಲ್ಲ ಎಂದು 2011ರ ಮಾರ್ಚ್ 7ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿಯೇ ಹೇಳಿತು. ಅಂಥವರ ಅಂಗ ಮುಟ್ಟಲು ಯಾವ ಕಾನೂನೂ ಬಿಡುವುದಿಲ್ಲ.

ಮಿದುಳುಕಾಂಡ ಸತ್ತವರ ಎದೆ ಬಡಿಯುವುದು ವೆಂಟಿಲೇಟರ್ ಒತ್ತುವ ಗಾಳಿಯ ಬಲದಿಂದ; ಹೆಚ್ಚಿನವರಲ್ಲಿ ಕೆಲವು ಗಂಟೆ, ಕೆಲವು ದಿನ. ಇದೇ ಮಿದುಳು ಸಾವು. ಅದನ್ನು ದೃಢಪಡಿಸಲು ಕಾನೂನಿನ ಪ್ರಕಾರ ನಾಲ್ವರು ವೈದ್ಯರು ಎರಡು ಬಾರಿ, ನಡುವೆ ಕನಿಷ್ಠ ಆರು ಗಂಟೆ ಬಿಟ್ಟು, ಪರೀಕ್ಷಿಸಬೇಕು. ಕಣ್ಣಿಗೆ ಬೆಳಕು ಹಾಯಿಸಿದರೆ ಪಾಪೆ ಕಿರಿದಾಗುತ್ತದೆಯೇ, ಗಂಟಲು ಕೆದಕಿದರೆ ಕೆಮ್ಮು ಬರುತ್ತದೆಯೇ ಎಂದು ನೋಡುತ್ತಾರೆ. ಕೊನೆಗೆ ಆಮ್ಲಜನಕ ಕೊಡುತ್ತಲೇ ವೆಂಟಿಲೇಟರ್ ನಿಲ್ಲಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ಎದೆ ತಾನಾಗಿ ಏಳದಿರುವುದನ್ನು ಖಚಿತಪಡಿಸಿಕೊಳ್ಳುತ್ತಾರೆ. ಅಂಗ ಕಸಿ ಮಾಡುವ ತಂಡದವರು ಈ ನಾಲ್ವರಲ್ಲಿ ಇರುವಂತಿಲ್ಲ. ಡಾ. ಪಿ. ಕೆ. ಸೇನ್ 1968ರ ಫೆಬ್ರವರಿಯಲ್ಲಿ ಇದೇ ಕೆಇಎಂನಲ್ಲಿ ಹೃದಯ ಕಸಿಗೆ ಕೈಹಾಕಿದಾಗ ದೇಶದಲ್ಲಿ ಇಂಥ ಕಾನೂನೇ ಇರಲಿಲ್ಲ. ಅದು ಬಂದದ್ದು 1994ರಲ್ಲಿ. ಮಹಾರಾಷ್ಟ್ರದಲ್ಲಿ ಜಾರಿಯಾದದ್ದು 1995ರ ಫೆಬ್ರವರಿಯಲ್ಲಿ.

ನೋಂದಣಿ ಸುಲಭ. ಹದಿನೆಂಟು ತುಂಬಿದವರು ರಾಷ್ಟ್ರೀಯ ಸಂಸ್ಥೆ ನೋಟ್ಟೋದ ಜಾಲತಾಣದಲ್ಲಿ ಆಧಾರ್ ಮೂಲಕ ಪ್ರತಿಜ್ಞೆ ಮಾಡಬಹುದು, ಮನಸ್ಸು ಬದಲಾದರೆ ಹಿಂತೆಗೆದುಕೊಳ್ಳಲೂಬಹುದು. ಆದರೆ ದಾನಿ ಕಾರ್ಡ್ ಜೇಬಿನಲ್ಲಿದ್ದರೂ ಐಸಿಯು ಹೊರಗೆ ನಿಂತ ಮನೆಯವರು ಬೇಡವೆಂದರೆ ದಾನ ನಡೆಯುವುದಿಲ್ಲ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತವಾಗಿ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗಲೂ ಒಪ್ಪಿಗೆ ಕೊಟ್ಟವರು ಕುಟುಂಬದವರೇ. ಮುಂಬಯಿಯಲ್ಲಿ ಇನ್ನೊಂದು ತೊಡಕು: ಹೆಂಡತಿ ಮಕ್ಕಳು ಡೊಂಬಿವಿಲಿಯಲ್ಲಿ, ಹಿರಿಯರು ಉಡುಪಿ ಕಡೆಯ ಊರಿನಲ್ಲಿ. ಫೋನಿನಲ್ಲಿ ಊರಿನಿಂದ ‘ಬೇಡ’ ಎಂಬ ಒಂದು ಮಾತು ಬಂದರೆ ಇಲ್ಲಿಯವರ ಧೈರ್ಯ ಉಡುಗಬಹುದು. ಹಾಗಾಗಿ ಸಹಿ ಹಾಕಿದ್ದನ್ನು ಊರಿಗೆ ಹೋದಾಗ ಅಪ್ಪ ಅಮ್ಮನ ಮುಂದೆಯೂ ಹೇಳಿಬಿಡಬೇಕು. ಫಾರಂ ತುಂಬುವುದಕ್ಕಿಂತ ಇದೇ ಕಷ್ಟದ ಕೆಲಸ ಎಂಬುದು ನನ್ನ ಅಭಿಪ್ರಾಯ.

ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೈಯಲ್ಲಿರಲಿ. ದೇಹವನ್ನು ಹೊಲಿದು ಅಂತ್ಯಕ್ರಿಯೆಗೆ ಒಪ್ಪಿಸುತ್ತಾರೆ. ಒಪ್ಪಿಗೆ ಕೊಟ್ಟ ಮೇಲೆ ಅಂಗ ತೆಗೆಯುವ ಖರ್ಚು ದಾನಿಯ ಮನೆಯವರ ಮೇಲೆ ಬೀಳುವುದಿಲ್ಲ. ಲೋಕಲ್ ರೈಲಿನಿಂದ ಬಿದ್ದದ್ದೋ ರಸ್ತೆ ಅಪಘಾತವೋ ಆದರೆ ಪೊಲೀಸರ ಕಾಗದಪತ್ರ, ಪೋಸ್ಟ್‌ಮಾರ್ಟಂ ಇದ್ದೇ ಇರುತ್ತದೆ. ಸ್ವಲ್ಪ ತಡವಾಗುತ್ತದೆ ಎಂಬುದನ್ನೂ ಮುಚ್ಚಿಡಬಾರದು. ಅಂಗ ಯಾರಿಗೆ ಎಂಬುದನ್ನು ಮನೆಯವರು ಆರಿಸುವಂತಿಲ್ಲ; ನಗರದ ಕಸಿ ಸಮನ್ವಯ ಕೇಂದ್ರದ ಕಾಯುವ ಪಟ್ಟಿಯೇ ಅದನ್ನು ತೀರ್ಮಾನಿಸುತ್ತದೆ.

ಮನೆಯಲ್ಲೇ ತೀರಿಕೊಂಡವರ ಹೃದಯ, ಯಕೃತ್ತು ಕಸಿಗೆ ಬರುವುದಿಲ್ಲ. ಕಣ್ಣು ಮತ್ತು ಚರ್ಮವನ್ನು ಮಾತ್ರ ಆರು ಗಂಟೆಯೊಳಗೆ ಪಡೆಯಬಹುದು. ಸಯಾನ್ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಇದೆ. ಕನ್ನಡಕ, ಸಕ್ಕರೆ ಕಾಯಿಲೆ, ಪೊರೆಯ ಆಪರೇಷನ್ ಯಾವುದೂ ನೇತ್ರದಾನಕ್ಕೆ ಅಡ್ಡಿಯಲ್ಲ. ಐ ಬ್ಯಾಂಕಿನವರು ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ನಿಲ್ಲಿಸಬೇಕು.