ಹಳೆಯ ಸರ್ಕ್ಯೂಟುಗಳಿಗೆ ಹೊಸ ದಫ್ತರ

ಮನೆಯ ವಿದ್ಯುತ್ ಮೀಟರಾಗಲಿ ಆಸ್ಪತ್ರೆಯ ಇಸಿಜಿ ಯಂತ್ರವಾಗಲಿ, ವಿದ್ಯುನ್ಮಾನ ಉಪಕರಣವೊಂದನ್ನು ಬಿಚ್ಚಿದರೆ ಒಳಗೆ ಸಾಮಾನ್ಯವಾಗಿ ಹಸಿರು ಬಣ್ಣದ ಫಲಕವೊಂದು ಕಾಣುತ್ತದೆ. ಪಿಸಿಬಿ ಎಂದು ಕರೆಯಲಾಗುವ ಈ ಫಲಕ ಕಾರ್ಖಾನೆಯಲ್ಲಿ ರೂಪುಗೊಳ್ಳುವ ಮೊದಲೇ ಗಣಕದಲ್ಲಿ ಕಡತಗಳ ರೂಪದಲ್ಲಿ ಸಿದ್ಧವಾಗಿರುತ್ತದೆ. ಯಾವ ಭಾಗದ ಯಾವ ಪಿನ್ನು ಯಾವುದಕ್ಕೆ ಸೇರಬೇಕೆಂದು ತೋರಿಸುವ ನಕ್ಷೆಗೆ ಸ್ಕೀಮ್ಯಾಟಿಕ್ ಎಂದೂ, ಆ ಭಾಗಗಳು ಕೂರುವ ಜಾಗವನ್ನೂ ಅವುಗಳ ನಡುವಿನ ತಾಮ್ರದ ಹಾದಿಗಳನ್ನೂ ತೋರಿಸುವ ನಕ್ಷೆಗೆ ಲೇಔಟ್ ಎಂದೂ, ಕೊಳ್ಳಬೇಕಾದ ಬಿಡಿಭಾಗಗಳ ಪಟ್ಟಿಗೆ ಬಾಮ್ ಎಂದೂ, ತಾಮ್ರದ ಪ್ರತಿ ಪದರದ ಆಕಾರವನ್ನು ಫಲಕ ತಯಾರಕರಿಗೆ ತಿಳಿಸುವ ಕಡತಗಳಿಗೆ ಗರ್ಬರ್ ಎಂದೂ ಈ ವೃತ್ತಿಯಲ್ಲಿ ಹೆಸರು.

ಉತ್ಪನ್ನವೊಂದು ಹತ್ತು ಹದಿನೈದು ವರ್ಷ ಮಾರುಕಟ್ಟೆಯಲ್ಲಿದ್ದರೆ ಈ ಕಡತಗಳೂ ಅಷ್ಟು ಕಾಲ ಬಾಳಬೇಕು. ಆದರೆ ಬಹುಪಾಲು ಸಣ್ಣ ಕಂಪನಿಗಳಲ್ಲಿ ಅವು ಇರುವುದು ಎಂಜಿನಿಯರೊಬ್ಬರ ಗಣಕದಲ್ಲಿ ಅಥವಾ ಎಲ್ಲರೂ ಬಳಸುವ ಸರ್ವರಿನ ಒಂದು ಮೂಲೆಯಲ್ಲಿ. ಅಲ್ಲಿ ‘ಫೈನಲ್’, ‘ಫೈನಲ್ 2’, ‘ಹೊಸದು’ ಎಂಬ ಹೆಸರಿನ ಫೋಲ್ಡರುಗಳು ಸಾಲಾಗಿ ಬಿದ್ದಿರುತ್ತವೆ. ಉತ್ಪನ್ನ ಜೀವನಚಕ್ರ ನಿರ್ವಹಣಾ ತಂತ್ರಾಂಶ, ಅಂದರೆ ಪಿಎಲ್‌ಎಂ, ಈ ಅವ್ಯವಸ್ಥೆಗೆ ಉತ್ತರವಾಗಿ ಬಂದದ್ದು. ಸೀಮೆನ್ಸ್ ಕಂಪನಿಯ ಟೀಮ್‌ಸೆಂಟರ್, ಪಿಟಿಸಿಯ ವಿಂಡ್‌ಚಿಲ್ ಮೊದಲಾದ ಈ ಬಗೆಯ ತಂತ್ರಾಂಶಗಳು ಪ್ರತಿ ಭಾಗಕ್ಕೂ ಪ್ರತಿ ದಾಖಲೆಗೂ ಒಂದು ಸಂಖ್ಯೆ, ಒಂದು ಪರಿಷ್ಕರಣೆ ಮತ್ತು ಒಂದು ಸ್ಥಿತಿಯನ್ನು ಕೊಡುತ್ತವೆ. ಕರಡು, ಬಿಡುಗಡೆಯಾದದ್ದು, ಕೈಬಿಟ್ಟದ್ದು ಎಂಬ ಆ ಸ್ಥಿತಿ ಯಾರ ಒಪ್ಪಿಗೆಯಿಂದ ಯಾವಾಗ ಬದಲಾಯಿತು ಎಂಬುದೂ ಅಲ್ಲಿ ದಾಖಲಾಗುತ್ತದೆ.

ಹಳೆಯ ಕಡತಗಳನ್ನು ಪಿಎಲ್‌ಎಂಗೆ ತರುವ ಸ್ಥಳಾಂತರ ಈಗ ಅನೇಕರಿಗೆ ತುರ್ತಿನ ಕೆಲಸವಾಗಿದೆ. 1988ರಲ್ಲಿ ಜರ್ಮನಿಯಲ್ಲಿ ಹುಟ್ಟಿ ಹವ್ಯಾಸಿಗಳಿಗೂ ಸಣ್ಣ ಉದ್ಯಮಗಳಿಗೂ ದಶಕಗಳ ಕಾಲ ನೆಚ್ಚಿನ ಸಾಧನವಾಗಿದ್ದ ಈಗಲ್ ಎಂಬ ವಿನ್ಯಾಸ ತಂತ್ರಾಂಶವನ್ನು 2016ರಲ್ಲಿ ಆಟೊಡೆಸ್ಕ್ ಕೊಂಡಿತು. 2026ರ ಜೂನ್ 7ರಿಂದ ಅದರ ಮಾರಾಟವನ್ನೂ ಬೆಂಬಲವನ್ನೂ ನಿಲ್ಲಿಸುವುದಾಗಿ 2023ರಲ್ಲಿ ಪ್ರಕಟಿಸಿತು. ಈಗಲ್‌ನಲ್ಲಿ ಬಿಡಿಸಿದ ನಕ್ಷೆಗಳನ್ನು ಕೈಕ್ಯಾಡ್‌ನಂತಹ ಮುಕ್ತ ತಂತ್ರಾಂಶ ಓದಬಲ್ಲದು, ಹೀಗಾಗಿ ಗೆರೆಗಳು ಕಳೆದುಹೋಗುವುದಿಲ್ಲ. ನಿಜವಾದ ತೊಡಕಿರುವುದು ಗೆರೆಗಳಲ್ಲಲ್ಲ, ಗೆರೆಗಳ ತುದಿಯಲ್ಲಿರುವ ಭಾಗ ಯಾವುದು ಎಂಬ ಗುರುತಿನಲ್ಲಿ.

ಹಳೆಯ ಬಾಮ್ ಒಂದನ್ನು ತೆರೆದರೆ ಈ ತೊಡಕು ಕಣ್ಣಿಗೆ ಕಾಣುತ್ತದೆ. ಒಂದು ಸಾಲಿನಲ್ಲಿ 0.1 ಮೈಕ್ರೊಫ್ಯಾರಡ್, ಮತ್ತೊಂದರಲ್ಲಿ 100 ನ್ಯಾನೊಫ್ಯಾರಡ್, ಮೂರನೆಯದರಲ್ಲಿ ಬರಿಯ 104 ಎಂದು ಬರೆದಿರುತ್ತದೆ. ಮೂರೂ ಒಂದೇ ಮೌಲ್ಯದ ಕೆಪಾಸಿಟರುಗಳು, ಏಕೆಂದರೆ ಕೊನೆಯ ಬರಹದ ಅರ್ಥ 10ರ ಮುಂದೆ ನಾಲ್ಕು ಸೊನ್ನೆ, ಅಂದರೆ 1,00,000 ಪಿಕೊಫ್ಯಾರಡ್. ಹಾಗೆಂದು ಮೂರನ್ನೂ ಕಣ್ಣುಮುಚ್ಚಿ ಒಂದೇ ಸಂಖ್ಯೆಯಡಿ ತಂದರೆ ಇನ್ನೊಂದು ತಪ್ಪಾಗುತ್ತದೆ: ಒಂದು 16 ವೋಲ್ಟಿನದು, ಮತ್ತೊಂದು 50 ವೋಲ್ಟಿನದು ಆಗಿರಬಹುದು, ಮತ್ತು 24 ವೋಲ್ಟಿನ ಮಾರ್ಗದಲ್ಲಿ ಮೊದಲನೆಯದನ್ನು ಕೂರಿಸಿದರೆ ಅದು ಬಾಳುವ ಭರವಸೆಯಿಲ್ಲ. ಗಾತ್ರದ ಸಂಕೇತದಲ್ಲಂತೂ ಗೊಂದಲ ಇನ್ನೂ ಹೆಚ್ಚು. 0603 ಎಂಬುದನ್ನು ಅಂಗುಲದ ಲೆಕ್ಕದಲ್ಲಿ ಓದಿದರೆ 1.6 ಮಿಲಿಮೀಟರ್ ಉದ್ದ, 0.8 ಮಿಲಿಮೀಟರ್ ಅಗಲದ ಭಾಗ. ಮೆಟ್ರಿಕ್ ಲೆಕ್ಕದಲ್ಲಿ ಅದೇ 0603 ಎಂದರೆ 0.6 ಮತ್ತು 0.3 ಮಿಲಿಮೀಟರಿನ, ಬರಿಗಣ್ಣಿಗೆ ಧೂಳಿನ ಕಣದಂತೆ ತೋರುವ ಭಾಗ. ಯಾವ ಲೆಕ್ಕವೆಂದು ನಮೂದಿಸದ ಗ್ರಂಥಾಲಯವನ್ನು, ಅಂದರೆ ಭಾಗಗಳ ಚಿಹ್ನೆ ಮತ್ತು ಅಳತೆಗಳ ಸಂಗ್ರಹವನ್ನು, ಹಾಗೆಯೇ ಪಿಎಲ್‌ಎಂಗೆ ಸುರಿದರೆ ದೋಷಕ್ಕೆ ಅಧಿಕೃತ ಮುದ್ರೆ ಬಿದ್ದಂತಾಗುತ್ತದೆ.

ಆದ್ದರಿಂದಲೇ ಸ್ಥಳಾಂತರವು ವಿನ್ಯಾಸದ ಯೋಜನೆಗಳಿಂದಲ್ಲ, ಭಾಗಗಳಿಂದ ಆರಂಭವಾಗಬೇಕು. ಪ್ರತಿ ಭಾಗಕ್ಕೂ ಕಂಪನಿಯ ಒಂದು ಆಂತರಿಕ ಸಂಖ್ಯೆ ಮತ್ತು ಅದರಡಿ ಒಪ್ಪಿತ ತಯಾರಕರ ಭಾಗಸಂಖ್ಯೆಗಳು ದೊರೆತ ಮೇಲೆ, ಒಂದು ಚಿಪ್ಪಿನ ತಯಾರಿಕೆ ನಿಲ್ಲುತ್ತದೆ ಎಂಬ ಸೂಚನೆ ಬಂದ ದಿನವೇ ಅದು ಯಾವ ಯಾವ ಫಲಕಗಳಲ್ಲಿದೆ ಎಂದು ತಿಳಿಯಬಹುದು. ಯುರೋಪಿಯನ್ ಒಕ್ಕೂಟದ ರೋಹ್ಸ್ ನಿಯಮ 2006ರ ಜುಲೈ 1ರಂದು ಜಾರಿಗೆ ಬಂದು ಏಕರೂಪದ ವಸ್ತುವಿನಲ್ಲಿ ಸೀಸದ ಪ್ರಮಾಣಕ್ಕೆ ತೂಕದ 0.1 ಶೇಕಡಾ ಮಿತಿಯನ್ನು ವಿಧಿಸಿತು. ಫಲಕವೊಂದು ಈ ಮಿತಿಯೊಳಗಿದೆಯೇ ಎಂಬ ಪ್ರಶ್ನೆಗೂ ತಯಾರಕರ ಭಾಗಸಂಖ್ಯೆಯಿಲ್ಲದೆ ಉತ್ತರವಿಲ್ಲ.

ಭಾಗಗಳ ನಂತರ ಯೋಜನೆಗಳ ಸರದಿ. ಯಂತ್ರಭಾಗಗಳ ವಿನ್ಯಾಸದಲ್ಲಿ ಸಾಮಾನ್ಯವಾಗಿ ಒಂದು ಕಡತವೆಂದರೆ ಒಂದು ಭಾಗ. ಪಿಎಲ್‌ಎಂ ಬೆಳೆದದ್ದು ಬಹುಮಟ್ಟಿಗೆ ಆ ಲೋಕದಲ್ಲಿಯೇ. ಸರ್ಕ್ಯೂಟಿನ ಯೋಜನೆಗೆ ಈ ಲೆಕ್ಕ ಹೊಂದುವುದಿಲ್ಲ. ಒಂದೇ ಫೋಲ್ಡರಿನಿಂದ ಖಾಲಿ ಫಲಕ, ಭಾಗಗಳನ್ನು ಬೆಸೆದ ಫಲಕ, ಅದರೊಳಗೆ ತುಂಬುವ ಫರ್ಮ್‌ವೇರ್ ಎಂದು ಬೇರೆ ಬೇರೆ ವಸ್ತುಗಳು ಹುಟ್ಟುತ್ತವೆ, ಮತ್ತು ಕೆಲವು ಭಾಗಗಳನ್ನು ಬೆಸೆಯದೆ ಬಿಟ್ಟರೆ ಅದೇ ಖಾಲಿ ಫಲಕದಿಂದ ಮತ್ತೊಂದು ಮಾದರಿಯೇ ಸಿದ್ಧವಾಗುತ್ತದೆ. ಇವುಗಳಲ್ಲಿ ಒಂದೊಂದಕ್ಕೂ ಪ್ರತ್ಯೇಕ ಸಂಖ್ಯೆ ಬೇಕು. ರೆಸಿಸ್ಟರೊಂದರ ಮೌಲ್ಯ ಬದಲಾದರೆ ಬೆಸೆದ ಫಲಕದ ಪರಿಷ್ಕರಣೆ ಬದಲಾಗಬೇಕೇ ಹೊರತು ಖಾಲಿ ಫಲಕದ್ದಲ್ಲ. ಈ ವಿಂಗಡಣೆಯನ್ನು ಯಾವ ಸ್ವಯಂಚಾಲಿತ ಸಾಧನವೂ ತಾನಾಗಿ ಮಾಡಲಾರದು.

ಹಳೆಯ ಯೋಜನೆಯ ಸತ್ಯ ಯಾವ ಕಡತದಲ್ಲಿದೆ ಎಂಬುದು ಮತ್ತೊಂದು ಪ್ರಶ್ನೆ. ಸ್ಕೀಮ್ಯಾಟಿಕ್ಕನ್ನು ಕೊನೆಯಲ್ಲಿ ತಿದ್ದಿ ಲೇಔಟನ್ನು ಹಾಗೆಯೇ ಬಿಟ್ಟಿರಬಹುದು. ಕಾರ್ಖಾನೆಯಲ್ಲಿ ಸಿಗದ ಭಾಗಕ್ಕೆ ಬದಲಿಯನ್ನು ಮಿಂಚಂಚೆಯಲ್ಲಷ್ಟೇ ಒಪ್ಪಿರಬಹುದು. ಫಲಕ ತಯಾರಕರಿಗೆ ನಿಜವಾಗಿ ಕಳುಹಿಸಿದ ಗರ್ಬರ್ ಕಡತಗಳು ಮತ್ತು ಕೊನೆಯ ಖರೀದಿ ಆದೇಶ, ಇವೆರಡೇ ಇಲ್ಲಿ ನಂಬಬಹುದಾದ ಸಾಕ್ಷಿಗಳು. ಇವುಗಳಿಗೆ ಹೊಂದುವ ಆವೃತ್ತಿಯನ್ನು ‘ಬಿಡುಗಡೆಯಾದದ್ದು’ ಎಂದು ಒಳತಂದು, ಹಿಂದಿನ ಪರಿಷ್ಕರಣೆಗಳನ್ನು ಓದಲಷ್ಟೇ ತೆರೆಯುವ ಭಂಡಾರದಲ್ಲಿ ಇರಿಸುವುದು ಸರಿಯಾದ ಕ್ರಮ. ಯಾರೂ ಅಂದು ಪರಿಶೀಲಿಸದ ಆವೃತ್ತಿಗಳಿಗೆ ಇಂದು ಒಪ್ಪಿಗೆಯ ದಾಖಲೆ ಸೃಷ್ಟಿಸುವುದು ದಾಖಲೆಯ ಹೆಸರಿನಲ್ಲಿ ನಡೆಯುವ ಸುಳ್ಳು.

ಹೊಂದಾಣಿಕೆಯಿಲ್ಲದ ಮಾಹಿತಿಯ ಬೆಲೆ ಎಷ್ಟೆಂಬುದನ್ನು ವಿಮಾನೋದ್ಯಮ ಕಂಡಿದೆ. ಸುಮಾರು 530 ಕಿಲೋಮೀಟರ್ ತಂತಿಯಿರುವ ಏರ್‌ಬಸ್ ಎ380 ವಿಮಾನದ ತಂತಿಜಾಲವನ್ನು ವಿನ್ಯಾಸಗೊಳಿಸುವಾಗ ಹ್ಯಾಂಬರ್ಗ್‌ನ ತಂಡ ಕಟಿಯಾ ತಂತ್ರಾಂಶದ ನಾಲ್ಕನೆಯ ಆವೃತ್ತಿಯನ್ನೂ ತುಲೂಸ್‌ನ ತಂಡ ಐದನೆಯದನ್ನೂ ಬಳಸಿದವು. ಜೋಡಿಸುವಾಗ ತಂತಿಗಳು ಉದ್ದ ಸಾಲದೆ ಹೋದವು. ಇದು ಮುಖ್ಯ ಕಾರಣಗಳಲ್ಲೊಂದಾಗಿ ಮೊದಲ ವಿಮಾನ ಗ್ರಾಹಕರನ್ನು ತಲುಪುವುದು 2007ರ ಅಕ್ಟೋಬರ್‌ವರೆಗೆ ಮುಂದಕ್ಕೆ ಹೋಯಿತು.

ಸ್ಥಳಾಂತರದ ನಂತರ ಯಾವ ಮಾಹಿತಿಗೆ ಯಾರು ಒಡೆಯರು ಎಂಬುದೂ ನಿಶ್ಚಿತವಾಗಿರಬೇಕು. ಪಿನ್ನುಗಳ ಜೋಡಣೆ ಮತ್ತು ಭಾಗಗಳ ಸ್ಥಾನ ವಿನ್ಯಾಸ ತಂತ್ರಾಂಶದ ಸೊತ್ತು. ಭಾಗಸಂಖ್ಯೆ, ಒಪ್ಪಿತ ತಯಾರಕರು, ಬಿಡುಗಡೆಯ ಸ್ಥಿತಿ ಪಿಎಲ್‌ಎಂನ ಸೊತ್ತು. ಒಂದೇ ಮಾಹಿತಿಯನ್ನು ಎರಡೂ ಕಡೆ ತಿದ್ದಲು ಬಿಟ್ಟರೆ ಕೆಲವೇ ತಿಂಗಳಲ್ಲಿ ಎರಡೂ ಬೇರೆ ಬೇರೆ ಮಾತು ಹೇಳತೊಡಗುತ್ತವೆ.

ಬೆಂಗಳೂರು, ಮೈಸೂರಿನಂತಹ ನಗರಗಳಲ್ಲಿ ವಿದ್ಯುನ್ಮಾನ ಉಪಕರಣಗಳನ್ನು ರೂಪಿಸುತ್ತಿರುವ ಸಣ್ಣ ಉದ್ಯಮಗಳು ದುಬಾರಿ ಪಿಎಲ್‌ಎಂ ಕೊಳ್ಳುವವರೆಗೆ ಕಾಯಬೇಕಿಲ್ಲ. ಇಂದಿಗೂ ಮಾರಾಟದಲ್ಲಿರುವ ಉತ್ಪನ್ನಗಳನ್ನು ಮೊದಲು ಆಯ್ದುಕೊಂಡು, ಹಳೆಯ ತಂತ್ರಾಂಶ ಇನ್ನೂ ತೆರೆದುಕೊಳ್ಳುತ್ತಿರುವಾಗಲೇ ಸ್ಕೀಮ್ಯಾಟಿಕ್ಕಿನ ಪಿಡಿಎಫ್, ಗರ್ಬರ್ ಮತ್ತು ತಯಾರಕರ ಭಾಗಸಂಖ್ಯೆ ತುಂಬಿದ ಬಾಮ್ ಅನ್ನು ಹೊರತೆಗೆದು ಇಡುವ ಕೆಲಸವನ್ನು, ಆ ಫಲಕವನ್ನು ಬಿಡಿಸಿದ ಎಂಜಿನಿಯರ್ ಕಚೇರಿಯಲ್ಲಿರುವಾಗಲೇ ಅವರು ಮುಗಿಸಿಕೊಳ್ಳಬೇಕು.