ಸಸ್ಯದಲ್ಲಿ ಸತುವಿನ ಸಾಗಾಟ

ಸಸ್ಯಕ್ಕೆ ಸತು ಬೇಕು. ಆದರೆ ಕೋಶದಲ್ಲಿ ಒಂಟಿ ಅಯಾನಾಗಿ ಹೆಚ್ಚಿದರೆ ಅದು ಪ್ರೋಟೀನುಗಳಲ್ಲಿ ಇತರ ಲೋಹಗಳ ಸ್ಥಾನವನ್ನು ಆಕ್ರಮಿಸುತ್ತದೆ. ಹೀಗಾಗಿ ಸಸ್ಯವು ಅದನ್ನು ಬಂಧಕ ಅಣುಗಳ ಹಿಡಿತದಲ್ಲಿಡುತ್ತದೆ.

ಬೇರಿನಲ್ಲಿ ಎಚ್‌ಎಂಎ4 ಎಂಬ ಪ್ರೋಟೀನ್ ಪಂಪು ಎಟಿಪಿಯ ಶಕ್ತಿಯಿಂದ ಸತುವನ್ನು ಕ್ಸೈಲಮ್‌ಗೆ ತಳ್ಳುತ್ತದೆ. ಕ್ಸೈಲಮ್ ರಸ ಆಮ್ಲೀಯ. ಅಲ್ಲಿ ಸಿಟ್ರೇಟ್ ಜೊತೆಗಾರ. ಫ್ಲೋಯಮ್ ರಸ ತುಸು ಪ್ರತ್ಯಾಮ್ಲೀಯ, ಅಲ್ಲಿ ನಿಕೋಟಿಯನಮೀನ್ (ಇದು ನಿಕೋಟಿನ್ ಅಲ್ಲ!). ಆಮ್ಲದಲ್ಲಿ ಇದರ ಅಮೈನೊ ಗುಂಪುಗಳಿಗೆ ಪ್ರೋಟಾನುಗಳು ಅಂಟಿಕೊಂಡು ಸತುವಿನ ಮೇಲಿನ ಹಿಡಿತ ಸಡಿಲಾಗುತ್ತದೆ.

ಯುರೋಪಿನ ಅರಬಿಡಾಪ್ಸಿಸ್ ಹ್ಯಾಲೆರಿ ಎಂಬ ಸಸ್ಯದ ಎಲೆಯ ಒಣತೂಕದಲ್ಲಿ ಸತು ಶೇ. 1ನ್ನೂ ಮೀರಬಲ್ಲದು. ಅದರಲ್ಲಿ ಈ ಪಂಪಿನ ಜೀನಿಗೆ ಮೂರು ಪ್ರತಿಗಳಿವೆಯೆಂದು 2008ರಲ್ಲಿ ವರದಿಯಾಯಿತು. ಸತು ಮೇಲೇರಿ ಬರಿದಾದ ಬೇರು, ಕೊರತೆಯಿದೆಯೆಂದೇ ಬಗೆದು ಮತ್ತಷ್ಟು ಹೀರುತ್ತದೆ!

ಅನ್ನವನ್ನೇ ನೆಚ್ಚಿದವರಲ್ಲಿ ಸತುವಿನ ಕೊರತೆ ವ್ಯಾಪಕ. ಭತ್ತದಲ್ಲಿ ನಿಕೋಟಿಯನಮೀನ್ ತಯಾರಿಕೆಯನ್ನು ಹೆಚ್ಚಿಸಿದಾಗ ಪಾಲಿಶ್ ಮಾಡಿದ ಅಕ್ಕಿಯಲ್ಲೂ ಸತು ಹೆಚ್ಚಿತೆಂದು 2011ರಲ್ಲಿ ವರದಿಯಾಗಿದೆ.